ಅಂಟಿಸಿದ ಮೀಸೆ

ನನಗೀಗ ಇಪ್ಪತ್ತೊಂಬತ್ತು ವರ್ಷ. ಈ ವಯಸ್ಸಿಗೇ ಕೆಲಸದಿಂದ ನಿವೃತ್ತನಾಗಿದ್ದೇನೆ ಎಂದರೆ ಕೇಳಿದವರು ನಗುತ್ತಾರೆ. ತಾಲ್ಲೂಕು ಕಚೇರಿಯ ಗುಮಾಸ್ತರು ಐವತ್ತೈದಕ್ಕೆ ಬಿಡುವ ಕುರ್ಚಿಯನ್ನು ನಾಟಕ ಕಂಪನಿಯ ಸ್ತ್ರೀಪಾತ್ರದವನು ಮೂವತ್ತು ತುಂಬುವ ಮೊದಲೇ ಬಿಟ್ಟು ಏಳಬೇಕು. ದವಡೆ ಅಗಲವಾಗುತ್ತದೆ, ತೋಳು ದಪ್ಪವಾಗುತ್ತದೆ, ಮೇಲಿನ ಷಡ್ಜಕ್ಕೆ ದನಿ ಏರುವುದಿಲ್ಲ. ಮುಂದಿನ ಬೆಂಚಿನವರು ಇದನ್ನು ನಮಗಿಂತ ಮೊದಲೇ ಕಂಡುಹಿಡಿದಿರುತ್ತಾರೆ.

ಕೂಟಗಲ್ಲಿನ ನಮ್ಮ ಮನೆಗೆ ಈಗ ಹುಡುಗರು ಬರುತ್ತಾರೆ. ರಾಮಗಿರಿ ಬೆಟ್ಟದ ಕೆಳಗಿನ ಕ್ಲೋಸ್‌ಪೇಟೆಯ ಸ್ಕೂಲಿನಲ್ಲಿ ಓದುವವರು, ಚನ್ನಪಟ್ಟಣದಿಂದ ರೈಲಿನಲ್ಲಿ ಬಂದವರು. ಜಗುಲಿಯ ಮೇಲೆ ಕುಳಿತು, "ನಂಜಣ್ಣ, ಕಂಪ್ನಿ ಸೇರ್ಬೇಕು ಅಂದ್ರೆ ಏನ್ ಮಾಡ್ಬೇಕಣ್ಣ?" ಎಂದು ಕೇಳುತ್ತಾರೆ. ಬೆಳ್ಳಿ ಪದಕ ತೋರಿಸು ಎನ್ನುತ್ತಾರೆ. ಪದಕಗಳ ಕಥೆಯನ್ನು ಪದಕ ಕೊಟ್ಟವರೇ ಬೇಕಾದಷ್ಟು ಹೇಳಿಕೊಂಡಿದ್ದಾರೆ. ನಾನು ಇಲ್ಲಿ ಬರೆಯುತ್ತಿರುವುದು ಬೇರೆ. ಹನ್ನೊಂದು ವರ್ಷ ನಾನು ದಿನಚರಿ ಇಟ್ಟಿದ್ದೇನೆ. ಯಾವ ಊರಿನ ಮೊಕ್ಕಾಂ, ಯಾವ ನಾಟಕ, ಯಾವ ಹಾಡಿಗೆ ಎಷ್ಟು 'ಒನ್ಸ್ ಮೋರ್', ಎಲ್ಲ ಅದರಲ್ಲಿದೆ. ಅದನ್ನು ತಿರುವಿ ಹಾಕಿದಾಗ ಹೆಮ್ಮೆಗಿಂತ ನಾಚಿಕೆಯೇ ಹೆಚ್ಚು ಸಿಕ್ಕಿತು. ಆ ನಾಚಿಕೆಗೆ ಒಂದು ಗುರುತೂ ಇದೆ. ಅದು ನನ್ನ ಮೇಲ್ದುಟಿಯ ಮೇಲೆ ಇಲ್ಲದಿದ್ದ ಮೀಸೆ.

ನಮ್ಮ ಕಡೆಯ ರೂಢಿ ಪಟ್ಟಣದ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಗಂಡು ಮಗ ಮೀಸೆ ತೆಗೆಸುವುದು ಅಪ್ಪ ತೀರಿಹೋದ ದಿನ. ಬೋಳು ತುಟಿಯವನು ಎದುರು ಬಂದರೆ ಜನ ಮೊದಲು ಕೇಳುವ ಮಾತೇ, "ನಿಮ್ಮಪ್ಪ ಯಾವಾಗ ಓದ್ರು?" ಎಂದು.

ನಾನು ಕಂಪನಿ ಸೇರಿದ್ದು ಹದಿನೇಳರಲ್ಲಿ. ಕ್ಲೋಸ್‌ಪೇಟೆಯಲ್ಲಿ ಮೊಕ್ಕಾಂ ಮಾಡಿದ್ದ ಕಂಪನಿಯ ಮಾಲೀಕರಾದ ಶಾಮಣ್ಣನವರು ನನ್ನಿಂದ ಎರಡು ದೇವರನಾಮ ಹಾಡಿಸಿದರು. ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಕಣ್ಣು ಸರಿ. ಮೂಗು ಸರಿ. ಆ ಧೂಳು ಒರೆಸಿಬಿಡ್ರಯ್ಯ" ಎಂದರು. ಧೂಳು ಎಂದರೆ ಆಗ ತಾನೇ ಮೂಡುತ್ತಿದ್ದ ನನ್ನ ಮೀಸೆ. ಕೂದಲು ಸೊಂಟದವರೆಗೆ ಬಿಡಬೇಕು, ಮುಖದ ಮೇಲೆ ಒಂದು ಎಳೆಯೂ ಇರಬಾರದು ಎಂಬುದು ನನ್ನ ಮೊದಲನೆಯ ಪಾಠ. ಹಾಡು, ಮಾತು, ನಡಿಗೆ ಎಲ್ಲ ಆಮೇಲೆ.

ಮೂರು ತಿಂಗಳ ನಂತರ ಊರಿಗೆ ಹೋದೆ. ಅಪ್ಪ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ತಲೆಯೆತ್ತಿ ನನ್ನ ಮುಖ ನೋಡಿದ. ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ನಾನು ಯಾವಾಗ್ಲಾ ಸತ್ತೆ?" ಎಂದ.

"ಕಂಪ್ನಿ ಕೆಲ್ಸ ಅಪ್ಪ. ಎಲ್ರೂ ತೆಗೀಬೇಕು..."

"ಅದಲ್ಲ ನಾನ್ ಕೇಳಿದ್ದು. ಊರೋರು ಕೇಳ್ತಾರೆ, ನಾನು ಯಾವತ್ತು ಸತ್ತೆ ಅಂತ ಏಳ್ಲಿ? ಒಂದು ದಿನ ಏಳ್ಬುಟ್ಟು ಓಗು."

ಆ ರಾತ್ರಿ ಊಟಕ್ಕೆ ಅಪ್ಪ ನನ್ನ ಪಕ್ಕ ಕೂರಲಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಅವ್ವ ಬಾಗಿಲವರೆಗೆ ಬಂದು, "ಒಸಿ ದಿನ ಬುಟ್ಕೊಂಡು ಬಂದು ಕಾಣ್ಸಪ್ಪ. ಅವ್ರ ಜೀವಕ್ಕೆ ಸಮಾಧಾನ ಆಯ್ತದೆ" ಎಂದಳು. ಆಗಲಿ ಎಂದೆ. ಆ ಆಗಲಿಯನ್ನು ನಡೆಸಿಕೊಡಲು ನನಗೆ ಹನ್ನೊಂದು ವರ್ಷವೂ ಸಾಲಲಿಲ್ಲ.

ಕೆಲಸ ಹೇಗಿರುತ್ತಿತ್ತು ಎಂದು ಹೇಳಬೇಕು, ಇಲ್ಲದಿದ್ದರೆ ಬರೀ ಅಳು ಆಗುತ್ತದೆ.

ನಾನು ಸೇರಿದಾಗ ರಂಗದ ಮೇಲೆ ಎಣ್ಣೆ ದೀಪಗಳಿದ್ದವು. ಅವುಗಳ ಹಳದಿ ಬೆಳಕು ಕರುಣಾಳು. ಮುಖಕ್ಕೆ ಅರದಾಳ, ಇಂಗಳೀಕದ ಬಣ್ಣ ಬಳಿದು ನಿಂತರೆ ನಲವತ್ತರ ಗಂಡಸೂ ಹದಿನಾರರ ಹುಡುಗಿ. ಮೂರನೆಯ ವರ್ಷ ಶಾಮಣ್ಣನವರು ಬೆಂಗಳೂರಿನಿಂದ ಗ್ಯಾಸ್ ದೀಪ ತಂದರು. ಜನ ದೀಪ ನೋಡಲೆಂದೇ ಟಿಕೆಟ್ಟು ತೆಗೆದುಕೊಂಡರು. ನಮ್ಮ ಗತಿ ಮಾತ್ರ ಕೆಟ್ಟಿತು. ಆ ಬಿಳಿ ಬೆಳಕಿನಲ್ಲಿ ಬೆಳಿಗ್ಗೆ ಬೋಳಿಸಿದ ತುಟಿ ಸಂಜೆಗೆ ನೀಲಿಯಾಗಿ ಕಾಣುತ್ತಿತ್ತು. ಅಂದಿನಿಂದ ದಿನಕ್ಕೆ ಎರಡು ಸಲ ಕತ್ತಿ. ಹೊಸ ವಿಧಾನ ಬಂದಾಗ ಪೇಪರಿನವರು ಪ್ರಗತಿ ಎಂದು ಬರೆಯುತ್ತಾರೆ. ನನಗೆ ಅದು ತುಟಿಯ ಉರಿ.

ಹೊಸಬರಿಗೆ ಒಂದು ಎಚ್ಚರಿಕೆ: 'ಒನ್ಸ್ ಮೋರ್' ಕೂಗಿಗೆ ಮೈಮರೆಯಬೇಡಿ. ಜನ ಕೂಗಿದರೆ ಹಾಡನ್ನು ಮತ್ತೆ ಹಾಡಲೇಬೇಕು, ಸತ್ತಿದ್ದರೂ ಎದ್ದು ಹಾಡಬೇಕು. ಮಾಗಡಿಯಲ್ಲಿ ಒಂದು ಸಲ ವಿಷ ಕುಡಿದು ಸಾಯುವ ಪಾತ್ರ ನನ್ನದು. ಸಾಯುವ ಮುಂಚಿನ ಹಾಡಿಗೆ ಮೂರು ಸಲ ಕೂಗಿದರು. ಎರಡು ಸಲ ಎದ್ದು ಹಾಡಿ ಮತ್ತೆ ಸತ್ತೆ. ಮೂರನೆಯ ಸಲ ಹಾಡು ಮುಗಿಸಿದವನು, ಚಪ್ಪಾಳೆಯ ಅಮಲಿನಲ್ಲಿ, ಮತ್ತೆ ಸಾಯಬೇಕು ಎಂಬುದನ್ನೇ ಮರೆತು ನಮಸ್ಕಾರ ಮಾಡಿ ಒಳಗೆ ನಡೆದುಬಿಟ್ಟೆ. ಹೊರಗೆ ನನ್ನ ಗಂಡನ ಪಾತ್ರದವನು ಖಾಲಿ ಮಂಚ ತಬ್ಬಿಕೊಂಡು ಅಳುತ್ತಿದ್ದ. "ಬುಡಯ್ಯ, ತವರ್ಗೆ ಓದ್ಲು, ನಾಳೀಕೆ ಬತ್ತಾಳೆ!" ಎಂದು ನೆಲದ ಟಿಕೆಟ್ಟಿನವನೊಬ್ಬ ಕೂಗಿದ. ಶಾಮಣ್ಣನವರು ಒಳಗೆ ನನ್ನ ಕಿವಿ ಹಿಂಡಿದರು. ಮಾರನೆಯ ದಿನ ಅದೇ ದೃಶ್ಯ ನೋಡಲು ಜನ ಕಿಕ್ಕಿರಿದು ಬಂದಾಗ, "ಇವತ್ತೂ ಹಾಗೇ ಎದ್ದು ಬಂದುಬಿಡಯ್ಯ" ಎಂದರು.

ಐದನೆಯ ವರ್ಷ ಕಂಪನಿಗೆ ನಾಟಕ ಬರೆದುಕೊಡುತ್ತಿದ್ದ ಪಂಡಿತರು ಮಾಲೀಕರೊಡನೆ ಜಗಳವಾಡಿ ಹೊರಟುಹೋದರು. ಅವರ ಹಸ್ತಪ್ರತಿ ನಕಲು ಮಾಡುತ್ತಿದ್ದವನು ನಾನು. "ಇಷ್ಟು ದಿನ ನಕಲು ಮಾಡಿದ್ದೀಯ. ಇನ್ನು ನೀನೇ ಬರಿ" ಎಂದರು ಶಾಮಣ್ಣನವರು. ಹೀಗೆ ನಾನು ನಾಟಕಕರ್ತನಾದೆ.

ಕಂಪನಿಗೆ ನಾಟಕ ಬರೆಯುವುದು ಪುಸ್ತಕ ಬರೆದಂತಲ್ಲ. ಇರುವ ನಟರಿಗೆ ಪಾತ್ರ ಹೊಲಿಯಬೇಕು. ಮಟ್ಟು ಮೊದಲು ಬರುತ್ತದೆ, ಹಾಡಿನ ಮಾತು ಆಮೇಲೆ. ಪರದೆಯ ಹಿಂದೆ ದರ್ಬಾರು ಜೋಡಿಸುವ ಬಡಗಿಗಳಿಗೆ ಹೊತ್ತು ಬೇಕು. ಅಷ್ಟು ಹೊತ್ತು ಪರದೆಯ ಮುಂದೆ ಬೀದಿಯ ದೃಶ್ಯದಲ್ಲಿ ಹಾಸ್ಯಗಾರ ಭೀಮಣ್ಣ ಜನರನ್ನು ನಗಿಸಬೇಕು. ಸುತ್ತಿಗೆಯ ಸದ್ದು ನಿಲ್ಲದಿದ್ದರೆ ಮಾತು ಬೆಳೆಸಬೇಕು. ನಾನು ಐದು ನಾಟಕ ಬರೆದೆ. ಒಂದರ ಹ್ಯಾಂಡ್‌ಬಿಲ್ಲಿನಲ್ಲೂ ನನ್ನ ಹೆಸರು ಬರಲಿಲ್ಲ. ಅದಕ್ಕೆ ಬೇಸರವಿಲ್ಲ. ಆದರೆ ಒಂದು ದಿನ ತಾಲೀಮಿನಲ್ಲಿ ಭೀಮಣ್ಣ ಎಲ್ಲರೆದುರಿಗೆ ಹೇಳಿದ ಮಾತು ಈಗಲೂ ಚುಚ್ಚುತ್ತದೆ.

"ಅಲ್ಲಯ್ಯ ನಂಜುಂಡ, ನಿನ್ನ ನಾಟಕದಲ್ಲಿ ಅಪ್ಪಂದಿರೆಲ್ಲ ಮೂರು ಅಂಕ ಗುಡುಗ್ತಾರೆ, ಕೊನೇ ಅಂಕದಲ್ಲಿ ಮಗನ್ನ ತಬ್ಬಿಕೊಂಡು ಅಳ್ತಾರೆ. ಐದಕ್ಕೆ ಐದೂ ಹಾಗೇ. ಒಬ್ಬನಾದ್ರೂ ಕ್ಷಮಿಸದೇ ಇರೋ ಅಪ್ಪ ಸಿಗಲಿಲ್ವೇನಯ್ಯ ನಿನಗೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಬ್ಬ ಸಿಕ್ಕಿದ್ದ. ಅವನನ್ನು ಬರೆಯುವ ಧೈರ್ಯ ನನಗಿರಲಿಲ್ಲ.

ಆ ಐದರಲ್ಲಿ ಚೆನ್ನಾಗಿ ನಡೆದದ್ದು 'ಕನಕಲೇಖೆ'. ಅಪ್ಪನ ಮಾತು ಮೀರಿ ಬಡ ಹುಡುಗಿಯನ್ನು ಮದುವೆಯಾಗುವ ರಾಜಕುಮಾರ, ಅವನನ್ನು ಕಾಡಿಗೆ ಅಟ್ಟುವ ರಾಜ, ಕೊನೆಗೆ "ಏಳು ಮಗನೆ, ನಿನ್ನ ತಪ್ಪು ಏನೂ ಇಲ್ಲ" ಎಂದು ಮಗನನ್ನು ಎತ್ತಿ ನಿಲ್ಲಿಸುವ ರಾಜ. ಕನಕಲೇಖೆ ನಾನು. ಚನ್ನಪಟ್ಟಣದಲ್ಲಿ ಈ ನಾಟಕ ನಡೆಯುತ್ತಿದ್ದಾಗಲೇ ಅಪ್ಪ ಕಂಪನಿಗೆ ಬಂದದ್ದು.

ಮಟಮಟ ಮಧ್ಯಾಹ್ನ. ತಗಡಿನ ಥಿಯೇಟರಿನ ಹಿಂದೆ ನಮ್ಮ ಬಿಡಾರ. ಆ ದಿನ ಎಣ್ಣೆ ಸ್ನಾನ ಮಾಡಿ, ಚಾಪೆಯ ಮೇಲೆ ಬಿಸಿಲಿಗೆ ಬೆನ್ನು ಹಾಕಿ ಕೂದಲು ಹರವಿಕೊಂಡು ಬಾಚುತ್ತಿದ್ದೆ. ಭೀಮಣ್ಣ ಬಾಗಿಲಲ್ಲಿ ಯಾರನ್ನೋ ತಡೆದು, "ಏನ್ರೀ ಗೌಡ್ರೇ, ಅಮ್ಮಾವ್ರನ್ನ ನೋಡೋಕೆ ಬಂದ್ರಾ? ರಾತ್ರಿ ಬನ್ನಿ, ಚೆನ್ನಾಗಿ ಕಾಣ್ತಾರೆ" ಎನ್ನುವುದು ಕೇಳಿಸಿತು.

"ನಾನು ನನ್ನ ಮಗನ್ನ ನೋಡಕ್ಕೆ ಬಂದಿವ್ನಿ" ಎಂದಿತು ಅಪ್ಪನ ದನಿ.

ತಿರುಗಿದೆ. ಅಪ್ಪ ನನ್ನ ಕೂದಲನ್ನು, ಕೈಯಲ್ಲಿದ್ದ ಬಾಚಣಿಗೆಯನ್ನು ನೋಡಿ ಕಣ್ಣನ್ನು ತಗಡಿನ ಗೋಡೆಯ ಕಡೆ ತಿರುಗಿಸಿದ. ಕೊನೆಯವರೆಗೂ ಗೋಡೆಯ ಜೊತೆಯಲ್ಲೇ ಮಾತಾಡಿದ.

"ತಾಯಮ್ಮನ್ಗೆ ಗಂಡು ಗೊತ್ತಾಯ್ತು. ಇಲ್ಲೇ ದೊಡ್ಡಮಳೂರು. ಚೈತ್ರದಾಗೆ ಲಗ್ನ, ಇನ್ನು ಒಂದೂವರೆ ತಿಂಗ್ಳು ಐತೆ." ತಾಯಮ್ಮ ನನ್ನ ತಂಗಿ. "ಗಂಡಿನ ಕಾಲು ತೊಳ್ಯೋದು ಎಣ್ಣಿನ ಒಡುಟ್ದೋನು. ಕೆಂಪಯ್ಯ ತೊಳೀಲಿ ಅಂದೆ. ನಂಜಣ್ಣನೇ ತೊಳೀಬೇಕು ಅಂತ ಅವ್ಳು ಅಟ ಇಡ್ದು ಕುಂತವ್ಳೆ."

ಕೆಂಪಯ್ಯ ನನ್ನ ಅಣ್ಣ, ಹೊಲ ಮನೆ ನೋಡಿಕೊಳ್ಳುವವನು.

"ಬತ್ತೀನಪ್ಪ."

"ಬರೋದಾದ್ರೆ ಮೀಸೆ ಬುಟ್ಕೊಂಡು ಬಾ. ಅಪ್ಪ ಬದುಕಿದ್ದಂಗೇ ಬೋಳಿಸ್ದೋನು ಚಪ್ಪರದಾಗೆ ನಿಂತ್ರೆ ಬೀಗ್ರು ಏನಂದಾರು? ಎಣ್ಗೆ ಒಳ್ಳೇದಾಯ್ತದಾ? ಈಗಿರಂಗೇ ಬರೋದಾದ್ರೆ ಬರ್ಬ್ಯಾಡ." ಹೊರಟವನು ಬಾಗಿಲಲ್ಲಿ ನಿಂತ. "ಆರು ವರ್ಸ ಆಯ್ತು ಕಣ್ಲಾ ನಂಜ. ಒಂದ್ಸಲ ನಾಲ್ಕು ಜನದ ಮುಂದೆ ನನ್ನ ಮಗ ಅಂತ ಕೈ ತೋರ್ಸ್ಬೇಕು ನಾನು."

ಶಾಮಣ್ಣನವರ ಹತ್ತಿರ ಹೋಗಿ ಒಂದೂವರೆ ತಿಂಗಳು ಗಂಡು ಪಾತ್ರ ಕೊಡಿ ಎಂದು ಕೇಳಿದೆ. ಅವರು ಕೆಟ್ಟವರಲ್ಲ. ಆದರೆ ಊರೆಲ್ಲ ಹ್ಯಾಂಡ್‌ಬಿಲ್ಲು ಹಂಚಿ ಆಗಿತ್ತು.

"ಕನಕಲೇಖೆ ಮೀಸೆ ತಿರುವಿಕೊಂಡು ಬರ್ತಾಳೇನಯ್ಯ? ಮದುವೆಗೆ ಎರಡು ದಿನ ರಜ ತಗೋ. ನಿನಗೆ ಬೇಕಾಗಿರೋದು ಮೀಸೆ ತಾನೆ? ನಮ್ಮಲ್ಲಿ ಒಂದು ಪೆಟ್ಟಿಗೆ ತುಂಬ ಇದೆಯಲ್ಲಯ್ಯ!"

ಇದು ತಪ್ಪು ಎಂದು ಕಂಪನಿಯ ಒಬ್ಬನಿಗೂ ಹೊಳೆಯಲಿಲ್ಲ. ನಾಟಕ ಬರೆಯುವಷ್ಟು ಬುದ್ಧಿ ಇದ್ದ ನನಗೂ ಹೊಳೆಯಲಿಲ್ಲ. ಅಷ್ಟು ವರ್ಷ ಪೆಟ್ಟಿಗೆಯೊಳಗೇ ಬದುಕಿದ್ದೆವು. ಅರಮನೆ ಪೆಟ್ಟಿಗೆಯಲ್ಲಿ, ಕಾಡು ಪೆಟ್ಟಿಗೆಯಲ್ಲಿ, ಮುಪ್ಪು ಪೆಟ್ಟಿಗೆಯಲ್ಲಿ. ಮಗನಾಗುವುದಕ್ಕೆ ಬೇಕಾದ್ದೂ ಅಲ್ಲೇ ಇದೆ ಎಂದು ನಂಬಿದೆವು. ಹೊರಗಿನ ಯಾರೇ ಆಗಲಿ ಇಂಥ ತಪ್ಪು ಮಾಡುತ್ತಿರಲಿಲ್ಲ.

ವೇಷದ ಪೆಟ್ಟಿಗೆ ರಸೂಲ್ ಸಾಬರದು. ಚನ್ನಪಟ್ಟಣದವರೇ, ಮೊದಲು ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಾಕುತ್ತಿದ್ದವರು. ಪೆಟ್ಟಿಗೆಯ ಮೀಸೆಗಳನ್ನು ನನ್ನ ತುಟಿಗೆ ಹಿಡಿದು ಹಿಡಿದು ಒಂದೊಂದನ್ನೇ ಬದಿಗಿಟ್ಟರು.

"ಇವೆಲ್ಲ ರಾತ್ರಿ ಮೀಸೆ ನಂಜಪ್ಪ. ಹಗಲಲ್ಲಿ ಕುದುರೆ ಬಾಲದಂಗೆ ಕಾಣ್ತದೆ" ಎಂದರು. ನನ್ನ ತಲೆಯಿಂದಲೇ ಒಂದು ಕುಚ್ಚು ಕೂದಲು ಕತ್ತರಿಸಿ, ತೆಳು ಬಟ್ಟೆಯ ಮೇಲೆ ಎಳೆ ಎಳೆ ಕಟ್ಟಿ ಹೊಸ ಮೀಸೆ ಮಾಡಿದರು. ಕನ್ನಡಿಯಲ್ಲಿ ನೋಡಿಕೊಂಡೆ. ಅಪ್ಪನ ಮೀಸೆಯದೇ ರೂಪು.

"ನಗಬೇಡ, ಬಿಸಿ ಕುಡೀಬೇಡ, ಬೆವರಬೇಡ" ಎಂದು ಅಂಟಿನ ಶೀಶೆ ಕೊಟ್ಟರು.

"ಚೈತ್ರದ ಮದುವೇಲಿ ಬೆವರದೆ ಇರೋದು ಹೇಗೆ ಸಾಬರೆ?"

"ನೆರಳಲ್ಲಿ ನಿಂತ್ಕೊ. ಮತ್ತೆ ಇಲ್ಲಿ ಕೇಳು," ಎಂದು ಪೆಟ್ಟಿಗೆಯ ಮುಚ್ಚಳ ಹಾಕಿದರು. "ನಿಮ್ಮ ತಂದೆಗೆ ಮೊದಲೇ ಹೇಳಿಬಿಡು ಬೇಟಾ."

ನಾನು ಹೇಳಲಿಲ್ಲ.

ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲಿ. ನಮ್ಮವರ ಗಾಡಿಗಳು ದೊಡ್ಡಮಳೂರಿಗೆ ಬಂದು ಇಳಿದಾಗ ನಾನು ಆಗಲೇ ಅಪ್ರಮೇಯಸ್ವಾಮಿ ಗುಡಿಯ ಗೋಡೆಯ ನೆರಳಲ್ಲಿ ನಿಂತಿದ್ದೆ. ಉದ್ದ ಕೂದಲನ್ನು ಗಂಟು ಹಾಕಿ ಮೇಲೆ ರುಮಾಲು ಸುತ್ತಿದ್ದೆ. ಅಪ್ಪ ಗಾಡಿಯಿಂದ ಇಳಿದವನು ನನ್ನನ್ನು ದಾಟಿ ಹೋಗಿ, ನಿಂತು, ತಿರುಗಿದ. ಬಹಳ ಹೊತ್ತು ನೋಡಿದ. ಮುಟ್ಟಲಿಲ್ಲ. ತನ್ನ ಮೀಸೆಯ ತುದಿಯನ್ನು ಎರಡು ಬೆರಳಲ್ಲಿ ತಿರುವಿದ. ಅಷ್ಟೇ. ಆದರೆ ಅಲ್ಲಿಂದ ಚಪ್ಪರದವರೆಗೆ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದ. ದಾರಿಯಲ್ಲಿ ಸಿಕ್ಕ ಸಿಕ್ಕವರನ್ನೆಲ್ಲ ನಿಲ್ಲಿಸಿದ.

"ನೋಡ್ರಪ್ಪ, ನಮ್ಮ ಎರಡ್ನೇವ್ನು. ಮೈಸೂರ್ಗಂಟ ತಿರುಗ್ದೋನು. ಪದ ಕಟ್ತಾನೆ, ಬರೀತಾನೆ."

"ಅಪ್ಪನಂಗೇ ಅವ್ನಲ್ಲ ಗೌಡ್ರೇ, ಅದೇ ಮೀಸೆ" ಎಂದ ಒಬ್ಬ ಮುದುಕ.

"ಮತ್ತೆ? ಇನ್ಯಾರ್ದು ಬತ್ತದೆ?" ಎಂದು ಅಪ್ಪ ನಕ್ಕ. ಅಪ್ಪ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಯಾವಾಗ ನೋಡಿದ್ದೆನೋ ನೆನಪಾಗಲಿಲ್ಲ. ಆಗಲಾದರೂ ಅವನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹೆಗಲ ಮೇಲಿನ ಕೈಯ ಭಾರ ಹಿತವಾಗಿತ್ತು. ಹೇಳಿದರೆ ಅದು ಹೋಗುತ್ತಿತ್ತು.

ಚಪ್ಪರದಲ್ಲಿ ಜನ ತುಂಬಿದ್ದರು. ಮೇಲೆ ಹಸಿ ಸೊಪ್ಪು, ಒಳಗೆ ಹೋಮದ ಹೊಗೆ, ಎಲ್ಲೂ ಗಾಳಿಯಿಲ್ಲ. ಗಂಡನ್ನು ಮಣೆಯ ಮೇಲೆ ಕೂರಿಸಿದರು. ಕಾಲ ಕೆಳಗೆ ಹಿತ್ತಾಳೆಯ ಅಗಲ ತಟ್ಟೆ. ನನ್ನ ಕೈಗೆ ಬಿಸಿನೀರಿನ ಚೆಂಬು ಕೊಟ್ಟರು. ಆವಿ ಏಳುತ್ತಿದ್ದ ನೀರು. ಬಗ್ಗಿದೆ. ಬಲಗಾಲು ತೊಳೆದೆ. ಹಣೆಯ ಬೆವರು ಮೂಗಿನ ಬದಿಯಿಂದ ಇಳಿದು ತುಟಿಗೆ ಬಂತು. ಎಡಗಾಲು ಹಿಡಿದಾಗ ಒಂದು ತುದಿ ಬಿಟ್ಟುಕೊಂಡದ್ದು ಗೊತ್ತಾಯಿತು. ಒತ್ತಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಗಂಡಿನ ಕಾಲು.

ಮೀಸೆ ತಟ್ಟೆಯ ನೀರಿಗೆ ಬಿತ್ತು. ಬಿದ್ದು ತೇಲಿತು.

ಗಂಡು ಹಾವು ಕಂಡವನಂತೆ ಕಾಲು ಎಳೆದುಕೊಂಡ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗಂಡಿನ ಗೆಳೆಯರ ಗುಂಪಿನಿಂದ ಒಬ್ಬ ಚೀರಿದ: "ಲೇ, ಇದು ಕನಕಲೇಖೆ ಕಣ್ಲಾ! ಮೊನ್ನೆ ನೋಡಿದ್ವಲ್ಲ, ಅವ್ಳೇ!"

ಆಗ ನನ್ನಿಂದ ಇನ್ನೊಂದು ಆಯಿತು. ಯೋಚಿಸಿ ಮಾಡಿದ್ದಲ್ಲ, ಮೈ ತಾನಾಗಿ ಮಾಡಿತು. ಆರು ವರ್ಷದಿಂದ, ರಂಗದ ಮೇಲೆ ಅವಮಾನವಾದಾಗ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಹೆಗಲ ಮೇಲಿನ ಶಲ್ಯದ ಅಂಚನ್ನು ಸೆರಗಿನಂತೆ ಎಳೆದು ಮುಖದ ಅರ್ಧ ಮುಚ್ಚಿಕೊಂಡೆ.

ಚಪ್ಪರವೇ ಬಿದ್ದುಹೋಗುವಂತೆ ನಕ್ಕರು. ಹಿಂದಿನಿಂದ ಯಾರೋ ಕೂಗಿದರು: "ಒನ್ಸ್ ಮೋರ್!"

ಹನ್ನೊಂದು ವರ್ಷದಲ್ಲಿ ನನಗೆ ಬಿದ್ದ ಒನ್ಸ್ ಮೋರ್‌ಗಳ ಲೆಕ್ಕದಲ್ಲಿ ಇದನ್ನು ನಾನು ಬರೆದಿಲ್ಲ. ಬರೆಯದಿದ್ದರೂ ಮರೆತಿಲ್ಲ.

ತಾಯಮ್ಮ ತಲೆ ತಗ್ಗಿಸಿ ಕುಳಿತಿದ್ದಳು. ಬಾಸಿಂಗದ ಕೆಳಗೆ ಅವಳ ಮುಖ ಕಾಣಲಿಲ್ಲ. ಬೀಗರು ಎದ್ದು ನಿಂತಿದ್ದರು. ಆ ಕ್ಷಣದಲ್ಲಿ ಅವರು ಮಗನ ಕೈ ಹಿಡಿದು ಏಳಿಸಿದ್ದರೆ ಮದುವೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಜನರ ನಡುವಿನಿಂದ ಬಂದ. ಬಗ್ಗಿ, ತಟ್ಟೆಯ ನೀರಿನಿಂದ ಆ ಮೀಸೆಯನ್ನು ಎತ್ತಿಕೊಂಡ. ನೀರು ಕೊಡವಿದ. ಸೊಂಟದಲ್ಲಿದ್ದ ಎಲೆಯಡಿಕೆಯ ಸಂಚಿ ಬಿಚ್ಚಿ ಅದರೊಳಗೆ ಇಟ್ಟು ದಾರ ಎಳೆದ. ಆಮೇಲೆ ಬೀಗರ ಕಡೆ ತಿರುಗಿದ.

"ಕಾಲು ತೊಳ್ದಿದ್ದು ಆಯ್ತು. ತೊಳ್ದೋನು ನನ್ನ ಮಗ. ಅದ್ರಲ್ಲಿ ಮೋಸ ಇಲ್ಲ. ನಗೋರು ನಗ್ಲಿ, ಮೂರ್ತ ಮೀರ್ತೈತೆ."

ಬೀಗರು ಹುಡುಗರ ಗುಂಪನ್ನು ದುರುಗುಟ್ಟಿ ನೋಡಿದರು. "ಬಾಯ್ಮುಚ್ಕಂಡು ಕುಂತ್ಕಳ್ರಲಾ. ಎಣ್ಣಿನ ಮೇಲೆ ಏನೈತೆ ತಪ್ಪು?" ಎಂದರು. ಧಾರೆ ನಡೆಯಿತು.

ತಂಗಿಯ ಬಾಳು ಕೆಡಲಿಲ್ಲ, ಅದೊಂದು ಪುಣ್ಯ. ಊಟಕ್ಕೆ ನಾನು ನಿಲ್ಲಲಿಲ್ಲ. ಚನ್ನಪಟ್ಟಣದ ದಾರಿ ಹಿಡಿದು ನಡೆದೆ. ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಎರಡು ಸಲ ನಿಂತು ನೋಡಿದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನು ಅಂದೇ ಕಂಪನಿ ಬಿಡುತ್ತಿದ್ದೆನೋ ಏನೋ. ಆ ರಾತ್ರಿ ಕನಕಲೇಖೆ ಎಂದಿಗಿಂತ ಚೆನ್ನಾಗಿ ಅತ್ತಳು ಎಂದು ಎಲ್ಲರೂ ಹೊಗಳಿದರು. ಹೊಸಬರು ಇದನ್ನೂ ತಿಳಿದುಕೊಳ್ಳಿ. ಈ ಕಸುಬಿನಲ್ಲಿ ಮನೆಯ ನೋವೂ ಕೆಲಸಕ್ಕೆ ಬರುತ್ತದೆ. ಅದು ಕೆಲಸಕ್ಕೆ ಬಂತೆಂದು ಒಂದು ಗಳಿಗೆ ಸಂತೋಷವೂ ಆಗುತ್ತದೆ. ನನಗೆ ಆಯಿತು. ಅದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ.

ಆಮೇಲೆ ಐದು ವರ್ಷ ನಾನು ಊರಿಗೆ ಹೋಗಲಿಲ್ಲ. ಮೀಸೆ ಬೆಳೆಸಿಕೊಂಡೇ ಹೋಗಬೇಕು ಎಂದುಕೊಂಡೆ. ಈ ಮೊಕ್ಕಾಂ ಮುಗಿಯಲಿ, ಈ ನಾಟಕ ಇಳಿಯಲಿ ಎಂದು ತಳ್ಳಿದೆ. ಅಷ್ಟರಲ್ಲಿ ನನ್ನ ದವಡೆ ಅಗಲವಾಗಿತ್ತು. ಅರ್ಕಾವತಿಯ ದಂಡೆಯ ಕಾನಕಾನಹಳ್ಳಿಯಲ್ಲಿ ನಾನು ಪ್ರವೇಶ ಮಾಡಿದಾಗ ಮುಂದಿನ ಬೆಂಚಿನಿಂದ, "ಅತ್ತೆ ಬಂದ್ಲು!" ಎಂಬ ಮಾತು ಕೇಳಿಬಂತು. ಶಾಮಣ್ಣನವರು ಮಾರನೆಯ ದಿನ ನನ್ನನ್ನು ಕರೆದು, ಬೇರೆ ಕಡೆ ನೋಡುತ್ತ, "ಕನಕಲೇಖೆಗೆ ಹೊಸ ಹುಡುಗ ಬಂದಿದ್ದಾನೆ. ನೀನು ಇನ್ನುಮೇಲೆ ರಾಜನ ಪಾತ್ರ ಮಾಡಯ್ಯ" ಎಂದರು. ಮಗನನ್ನು ಕ್ಷಮಿಸುವ ಆ ಅಪ್ಪ.

ಇನ್ನಾದರೂ ಮೀಸೆ ಬಿಡಬಹುದು ಎಂದುಕೊಂಡೆ. ಆಗಲಿಲ್ಲ. ರಾಜನಿಗೆ ದೊಡ್ಡ ನರೆತ ಮೀಸೆ ಬೇಕು, ಅಂಟು ಹಿಡಿಯಬೇಕಾದರೆ ತುಟಿ ಬೋಳಾಗಿರಬೇಕು. ಉದ್ದ ಕೂದಲು ಕತ್ತರಿಸಿದೆ. ಕತ್ತಿ ಮಾತ್ರ ತುಟಿ ಬಿಡಲಿಲ್ಲ. "ಏಳು ಮಗನೆ, ನಿನ್ನ ತಪ್ಪು ಏನೂ ಇಲ್ಲ" ಎಂಬ ಮಾತು ನಾನೇ ಬರೆದದ್ದು. ಅದನ್ನು ಆಡುವಾಗ ನನ್ನ ನಾಲಿಗೆ ತೊಡರುತ್ತಿತ್ತು. ಮರೆತೆನೆಂದು ತಿಳಿದು ಪ್ರಾಂಪ್ಟರು ಜೋರಾಗಿ ಎತ್ತಿಕೊಡುತ್ತಿದ್ದ.

ಒಂದು ಮಧ್ಯಾಹ್ನ ವೇಷದ ಸಮೇತ ತಾಲೀಮು ನಡೆಯುತ್ತಿತ್ತು. ನಮ್ಮ ಮನೆಯ ಆಳು ಸಿದ್ದ ಬಂದು ರಂಗದ ಕೆಳಗೆ ನಿಂತ. ಕಾಲೆಲ್ಲ ಧೂಳು.

"ಚಿಕ್ಕೌಡ್ರೇ, ದೊಡ್ಡೋರ್ಗೆ ತೀರಾ ಕಷ್ಟ ಆಗೈತೆ. ನಿಮ್ಮನ್ನ ಕೇಳ್ತಾವ್ರೆ." ನನ್ನ ಮುಖ ನೋಡಿ ದನಿ ತಗ್ಗಿಸಿದ. "ಅದ್ನ ತಗ್ದು ಬನ್ನಿ."

ಅಂಟನ್ನು ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸಬೇಕು. ನಾನು ಒಂದೇ ಸಲ ಕಿತ್ತೆ. ಜೊತೆಗೆ ಚರ್ಮವೂ ಬಂತು. ಮಾರನೆಯ ದಿನ ಬೆಳಿಗ್ಗೆ ಗಾಡಿ ಕೂಟಗಲ್ಲು ಮುಟ್ಟಿದಾಗ ಉಸಿರು ಹೋದ ಅಪ್ಪನನ್ನು ಜಗುಲಿಯ ಕಂಬಕ್ಕೆ ಒರಗಿಸಿ ಕೂರಿಸಿ ಆಗಿತ್ತು.

ಕೆರೆ ದಂಡೆಯಲ್ಲಿ ಕ್ಷೌರದ ಮುನಿಯಪ್ಪ ಮೊದಲು ಅಣ್ಣನಿಗೆ ಮಾಡಿದ. ಊರಲ್ಲೇ ಹೆಸರಾಗಿದ್ದ ಅಣ್ಣನ ದಟ್ಟ ಮೀಸೆ ಎರಡೇ ಎಳೆತಕ್ಕೆ ಹೋಯಿತು. ಆಮೇಲೆ ನಾನು ಕುಳಿತೆ. ಮುನಿಯಪ್ಪ ತಲೆ ಬೋಳಿಸಿ, ಗದ್ದ ಹಿಡಿದು ಮುಖ ಎತ್ತಿದ. ಬೆರಳಿಂದ ನನ್ನ ತುಟಿ ಸವರಿದ. ಉರಿಯಿತು.

"ಚಿಕ್ಕೌಡ್ರೇ, ಇಲ್ಲಿ ತಗ್ಯಕ್ಕೆ ಏನೂ ಇಲ್ವಲ್ಲ" ಎಂದ. ಅವನು ಅಣಕಿಸಲಿಲ್ಲ. ದಿಕ್ಕು ತೋಚದೆ ಕೇಳಿದ.

ಸುತ್ತ ನಿಂತಿದ್ದ ಊರಿನವರು ಕೆರೆಯ ನೀರು ನೋಡಿದರು. ಎಲ್ಲ ಮಕ್ಕಳೂ ಅಪ್ಪನಿಗೆ ಕೊಡುವ ಆ ಒಂದು ನನ್ನ ಹತ್ತಿರ ಇರಲಿಲ್ಲ. ಹನ್ನೊಂದು ವರ್ಷದ ಕೆಳಗೇ ಕೊಟ್ಟು ಮುಗಿಸಿದ್ದೆ.

ಅಣ್ಣ ನನ್ನೊಡನೆ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಪ್ಪನ ಎಲೆಯಡಿಕೆಯ ಸಂಚಿ ತೆಗೆದ. ಕೊನೆಯದಾಗಿ ಅಪ್ಪನ ಬಾಯಿಗೆ ಎಲೆ ಇಡುವುದಕ್ಕೆಂದು ತಂದದ್ದು. ಅದರ ಒಳಗಿನ ಅರೆಗೆ ಬೆರಳು ಹಾಕಿ ಏನೋ ಎಳೆದು ನನ್ನ ಅಂಗೈಯಲ್ಲಿ ಇಟ್ಟ. ಸುಣ್ಣ ಹತ್ತಿ ಅಂಚು ಬೆಳ್ಳಗಾಗಿತ್ತು. ರಸೂಲ್ ಸಾಬರು ಕಟ್ಟಿದ ಮೀಸೆ.

"ದಿನಾ ಎಲೆ ಹಾಕ್ಕಳಾವಾಗ ಕೈಗೆ ಸಿಕ್ಕದು" ಎಂದ ಅಣ್ಣ. "ಬಿಸಾಕಪ್ಪ ಅದ್ನ ಅಂತ ಎಷ್ಟೋ ಸಲ ಅಂದೆ. 'ನಮ್ಮ ಉಡ್ಗುಂದು, ಇರ್ಲಿ ಬುಡು. ಅವತ್ತು ಒಂದೊತ್ತಾರ ಚೆಂದಾಗಿ ಕಂಡ' ಅನ್ನೋನು."

ಮುನಿಯಪ್ಪ ನನ್ನ ಅಂಗೈಯಿಂದ ಅದನ್ನು ತೆಗೆದುಕೊಂಡ. ಕೆರೆಯ ನೀರಲ್ಲಿ ಅದ್ದಿ ನನ್ನ ತುಟಿಯ ಮೇಲಿಟ್ಟು ಹೆಬ್ಬೆರಳಿಂದ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಕತ್ತಿ ಎಳೆದ. ಅದು ಅಣ್ಣನ ಮೀಸೆಯ ಕೂದಲಿನ ಪಕ್ಕ ಮಣ್ಣಿಗೆ ಬಿತ್ತು. ಎರಡನ್ನೂ ಒಟ್ಟಿಗೆ ಬಳಿದು ನೀರಿಗೆ ಬಿಟ್ಟ.

ಕಂಪನಿಗೆ ನಾನು ಹಿಂತಿರುಗಲಿಲ್ಲ. ಅಷ್ಟೇ ನನ್ನ ನಿವೃತ್ತಿ. ಹಾರ, ಸನ್ಮಾನ ಇರಲಿಲ್ಲ.

ಈಗ ಬರುವ ಹುಡುಗರಿಗೆ ಕಂಪನಿ ಸೇರಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಕೇಳುವವರಲ್ಲ, ನಾನೂ ಕೇಳಿರಲಿಲ್ಲ. ಕೆಲಸಕ್ಕೆ ಬರುವ ಒಂದೇ ಮಾತು ಹೇಳುತ್ತೇನೆ. ಸ್ತ್ರೀಪಾತ್ರಕ್ಕೆ ಒಪ್ಪಿಕೊಳ್ಳುವವರು ಮಾಲೀಕರೊಡನೆ ಸಂಬಳ ಮಾತಾಡುವ ಮೊದಲು ವರ್ಷಕ್ಕೆ ಎರಡು ತಿಂಗಳು ಮೀಸೆ ಬಿಡುವ ರಜ ಕೇಳಿ. ಆ ಎರಡು ತಿಂಗಳು ಊರಿಗೆ ಹೋಗಿ, ಅಪ್ಪನ ಪಕ್ಕ ಜಗುಲಿಯ ಮೇಲೆ ಕುಳಿತಿರಿ. ನಾಟಕ ಬೇಕಾದರೆ ಅಲ್ಲೇ ಬರೆಯಿರಿ.

ಅಪ್ಪನ ವರ್ಷಾಂತಿಕ ಮುಗಿದ ಮೇಲೆ ನಾನು ಮೀಸೆ ಬಿಟ್ಟೆ. ಚೆನ್ನಾಗಿ ಬಂದಿದೆ. ಅವರದರಂತೆಯೇ ಎಡತುದಿ ಒಸಿ ಕೆಳಕ್ಕೆ ಬೀಳುತ್ತದೆ ಎಂದು ಅವ್ವ ಹೇಳುತ್ತಾಳೆ. ಹೊಲದಲ್ಲಿ ಬಿಸಿಲೇರಿ ಬೆವರು ಇಳಿಯತೊಡಗಿದಾಗ ಈಗಲೂ ನನ್ನ ಕೈ ತಾನಾಗಿ ತುಟಿಗೆ ಹೋಗಿ ಅದನ್ನು ಒತ್ತಿ ಹಿಡಿಯುತ್ತದೆ, ಬಿದ್ದೀತೆಂದು.